ಮೊಸರಾಗದ ಹಾಲು, ಮಂದವಾದ ಸ್ಟೈರೀನ್

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ವಿದ್ಯಾರ್ಥಿಗಳಿಗೆ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಸಾಫ್ಟ್‌ವೇರ್ ಎಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಮಾತನಾಡುತ್ತಾನೆ ಎಂದು ನೀವು ಕಾದಿರಬಹುದು. ಆದರೆ ನಾನು ಬಿ.ಇ. ಓದಿದ್ದು ಪಾಲಿಮರ್ ವಿಭಾಗದಲ್ಲಿ. ಕೆಲಸ ಸಿಕ್ಕಿದ್ದು ಬೆಂಗಳೂರಿನಲ್ಲಿ, ಕಾರ್ಖಾನೆಯ ಟ್ಯಾಂಕುಗಳ ಉಷ್ಣತೆ, ಒತ್ತಡಗಳನ್ನು ಪರದೆಯ ಮೇಲೆ ತೋರಿಸುವ ತಂತ್ರಾಂಶ ಬರೆಯುವ ಕಡೆ. ಈ ಎರಡನ್ನೂ ಸೇರಿಸುವ ಒಂದು ಬಾಟಲಿಯ ಕಥೆಯನ್ನು ಇವತ್ತು ಹೇಳುತ್ತೇನೆ. ಆ ಬಾಟಲಿಯಲ್ಲಿದ್ದದ್ದು ಸ್ಟೈರೀನ್.

ನೀವು ವಿಜ್ಞಾನ ಮಾದರಿ ಮಾಡಲು ಕತ್ತರಿಸುವ ಥರ್ಮೋಕೋಲ್ ಇದೆಯಲ್ಲ, ಅದು ಪಾಲಿಸ್ಟೈರೀನ್. ಮೈಸೂರಿನ ವಿಕ್ರಾಂತ್ ಟೈರ್ ಕಾರ್ಖಾನೆ ನಿಮಗೆಲ್ಲ ಗೊತ್ತು. ಟೈರುಗಳಿಗೆ ಬಳಸುವ ಎಸ್‌ಬಿಆರ್ ಎಂಬ ಕೃತಕ ರಬ್ಬರಿನಲ್ಲಿ ಸಾಮಾನ್ಯವಾಗಿ ಕಾಲು ಭಾಗದಷ್ಟು ಸ್ಟೈರೀನ್ ಇರುತ್ತದೆ. ಸ್ಟೈರೀನ್ ನೀರಿನಂತೆ ತಿಳಿಯಾದ, ಘಾಟು ವಾಸನೆಯ ದ್ರವ. ಅದರ ಅಣುಗಳು ಸಾವಿರಾರು ಸಂಖ್ಯೆಯಲ್ಲಿ, ಹೂ ಪೋಣಿಸಿದ ಹಾಗೆ, ಒಂದಕ್ಕೊಂದು ಸೇರಿ ಸರಪಳಿಯಾದರೆ ಅದೇ ಪಾಲಿಮರ್. ಬಿಡಿ ಹೂವಿಗೆ ಮಾನೊಮರ್ ಎನ್ನುತ್ತಾರೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಈ ಸರಪಳಿ ಎಷ್ಟು ಬೇಗ ಬೆಳೆಯುತ್ತದೆ ಎಂದು ಅಳೆಯಬೇಕಿತ್ತು. ಬಾಟಲಿಯಿಂದ ನೇರವಾಗಿ ಸ್ಟೈರೀನ್ ಸುರಿದೆ, ಬೆಂಜಾಯಿಲ್ ಪೆರಾಕ್ಸೈಡ್ ಹಾಕಿ 70 ಡಿಗ್ರಿಯಲ್ಲಿ ಬಿಸಿನೀರಿನ ತೊಟ್ಟಿಯಲ್ಲಿಟ್ಟೆ. ಶುರುವಿನಲ್ಲಿ ಏನೂ ಆಗಲಿಲ್ಲ. ಆಮೇಲೆ ಶುರುವಾಯಿತು. ಮಾರನೆಯ ದಿನ ಮಾಡಿದರೆ ಬೇರೆ ಲೆಕ್ಕ, ಅದರ ಮಾರನೆಯ ದಿನ ಇನ್ನೊಂದು. ಒಂದಕ್ಕೊಂದು ತಾಳೆಯೇ ಇಲ್ಲ.

ಊರಿಗೆ ಬಂದಾಗ ಅವ್ವನಿಗೆ ಸುಮ್ಮನೆ ಹೇಳಿದೆ. ಆಗ ನಮ್ಮ ಹಸುವಿಗೆ ಕೆಚ್ಚಲು ಬಾವು. "ಸೂಜಿ ಚುಚ್ಚಿಸಿದ ಹಸೀನ ಹಾಲು ಮೊಸರಾಗಕ್ಕಿಲ್ಲ ಕಣಪ್ಪಾ, ಹೆಪ್ಪು ಎಷ್ಟು ಹಾಕುದ್ರೂ ಅಷ್ಟೆ" ಎಂದಳು. ಹಾಲಿಗೆ ಬಂದ ಔಷಧಿಯ ಅಂಶ ಹೆಪ್ಪಿನ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ನನ್ನ ಬಾಟಲಿಯಲ್ಲೂ ಹೆಪ್ಪು ತಡೆಯುವುದೊಂದು ಇತ್ತು. ಲೇಬಲ್ಲಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾನು ಓದಿರಲಿಲ್ಲ.

ಅದರ ಹೆಸರು ಟಿಬಿಸಿ, ಅಂದರೆ ಟರ್ಷಿಯರಿ ಬ್ಯುಟೈಲ್ ಕೆಟೆಕಾಲ್. ಸ್ಟೈರೀನ್ ತನ್ನಷ್ಟಕ್ಕೆ ತಾನೇ ಸರಪಳಿಯಾಗುವ ಸ್ವಭಾವದ್ದು. ದಾರಿಯಲ್ಲಿ, ಗೋದಾಮಿನಲ್ಲಿ ಗಟ್ಟಿಯಾಗದಿರಲಿ ಎಂದು ಒಂದು ಟನ್ನಿಗೆ ಸುಮಾರು 10ರಿಂದ 15 ಗ್ರಾಂ ಟಿಬಿಸಿ ಬೆರೆಸಿರುತ್ತಾರೆ. ಬರೀ ಅಷ್ಟು ಸಾಕು.

ಇದನ್ನು ತೆಗೆಯುವ ವಿಧಾನ ನಿಮ್ಮ ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲ ಪಾಠದಲ್ಲೇ ಇದೆ. ಟಿಬಿಸಿ ಸ್ವಲ್ಪ ಆಮ್ಲ ಗುಣದ್ದು. ಬೇರ್ಪಡಿಸುವ ಆಲಿಕೆಯಲ್ಲಿ ಸ್ಟೈರೀನ್ ಹಾಕಿ, ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಸೇರಿಸಿ ಕುಲುಕಿದರೆ ಟಿಬಿಸಿ ಲವಣವಾಗಿ ನೀರಿಗೆ ಇಳಿಯುತ್ತದೆ. ಸ್ಟೈರೀನ್ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಕೆಳಗಿನ ನೀರು ಕೆಂಪು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬಣ್ಣ ಬರುವುದು ನಿಲ್ಲುವ ತನಕ ಮತ್ತೆ ಮತ್ತೆ ತೊಳೆಯಬೇಕು. ಆಮೇಲೆ ಬರೀ ನೀರಿನಿಂದ ತೊಳೆದು ಕ್ಷಾರದ ಅಂಶವನ್ನೂ ತೆಗೆಯಬೇಕು. ಉಳಿದ ತೇವ ಹೀರಲು ನೀರಿಲ್ಲದ ಮೆಗ್ನೀಸಿಯಂ ಸಲ್ಫೇಟ್ ಹಾಕಿ ಸೋಸಬೇಕು.

ಕೊನೆಗೆ ಬಟ್ಟಿ ಇಳಿಸುವುದು. ಸ್ಟೈರೀನ್ ಕುದಿಯುವುದು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಕಾಯಿಸಿದರೆ ಪಾತ್ರೆಯಲ್ಲೇ ಪಾಲಿಮರ್ ಆಗಿಬಿಡುತ್ತದೆ. ಅದಕ್ಕೆ ಗಾಳಿ ಹೀರಿ ಒತ್ತಡವನ್ನು ಪಾದರಸದ 20 ಮಿಲಿಮೀಟರಿಗೆ ಇಳಿಸಿದರೆ ಸುಮಾರು 45 ಡಿಗ್ರಿಯಲ್ಲೇ ಕುದಿಯುತ್ತದೆ. ಮೊದಲು ಬರುವ ಸ್ವಲ್ಪವನ್ನು ಚೆಲ್ಲಿ, ಕೊನೆಯದನ್ನು ಪಾತ್ರೆಯಲ್ಲೇ ಬಿಟ್ಟು, ನಡುವಿನದನ್ನು ಮಾತ್ರ ಹಿಡಿಯುತ್ತಾರೆ. ಇದೆಲ್ಲ ಹೊಗೆ ಹೀರುವ ಕಪಾಟಿನೊಳಗೆ, ತಿಳಿದವರ ಎದುರು ಮಾಡುವ ಕೆಲಸ. ಇದರ ಆವಿ ಒಳ್ಳೆಯದಲ್ಲ. ಯಾರೂ ಮನೆಯಲ್ಲಿ ಪ್ರಯತ್ನಿಸಬೇಡಿ.

ಒಂದು ವಿಧಾನ ಬಾಯಿಪಾಠವಾದರೆ ಸಾಲದು ಎಂದು ಆಗ ಕಲಿತೆ. ಗಾಜಿನಂಥ ಅಕ್ರಿಲಿಕ್ ಹಾಳೆಗೆ ಬೇಕಾದ ಮೀಥೈಲ್ ಮೆಥಾಕ್ರಿಲೇಟನ್ನೂ ಹೀಗೆಯೇ ಕ್ಷಾರದಲ್ಲಿ ತೊಳೆಯಬಹುದು. ಆದರೆ ಮಕ್ಕಳ ಡೈಪರಿನಲ್ಲಿ ನೀರು ಹೀರುವ ಪಾಲಿಮರಿಗೆ ಬೇಕಾದ ಅಕ್ರಿಲಿಕ್ ಆಮ್ಲವನ್ನು ತೊಳೆದರೆ? ಹೆಸರಿನಲ್ಲೇ ಆಮ್ಲ ಇದೆ. ತಡೆಯುವ ವಸ್ತುವಿನ ಜೊತೆ ಮಾನೊಮರೂ ಲವಣವಾಗಿ ನೀರಿನ ಪಾಲಾಗುತ್ತದೆ. ಅದನ್ನು ಬಟ್ಟಿ ಇಳಿಸಿಯೇ ಶುದ್ಧ ಮಾಡಬೇಕು. ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ ಪಾಲಿಪ್ರೊಪಿಲೀನ್ ಘಟಕವಿದೆ. ಅಲ್ಲಿ ಮಾನೊಮರ್ ಒಂದು ಅನಿಲ. ಅಂಥ ಕಡೆ ತೇವ, ಗಂಧಕದ ಅಂಶ ಚೂರು ಉಳಿದರೂ ಕ್ರಿಯಾವರ್ಧಕ ಕೆಟ್ಟುಹೋಗುತ್ತದೆ.

ಸರಿ, ನಾನು ಸ್ಟೈರೀನ್ ಶುದ್ಧ ಮಾಡಿದೆ. ಲೆಕ್ಕ ತಾಳೆಯಾಯಿತು. ಆ ಖುಷಿಯಲ್ಲಿ ಉಳಿದ ಅರ್ಧ ಬಾಟಲಿಯನ್ನು ಫ್ರಿಜ್ಜಿನಲ್ಲಿಡದೆ ಕಿಟಕಿಯ ಪಕ್ಕದ ಕಪಾಟಿನಲ್ಲಿಟ್ಟು ಬೇಸಿಗೆ ರಜೆಗೆ ಊರಿಗೆ ಬಂದೆ. ತಿರುಗಿ ಹೋಗಿ ನೋಡಿದರೆ ಸ್ಟೈರೀನ್ ಜೇನುತುಪ್ಪದ ಹಾಗೆ ಮಂದವಾಗಿತ್ತು. ಕಾಯುತ್ತಿದ್ದ ಟಿಬಿಸಿಯನ್ನು ನಾನೇ ತೆಗೆದಿದ್ದೆನಲ್ಲ. 1839ರಲ್ಲಿ ಬರ್ಲಿನ್ನಿನ ಔಷಧಿ ವ್ಯಾಪಾರಿ ಎಡ್ವರ್ಡ್ ಸೈಮನ್ ಒಂದು ಮರದ ಅಂಟಿನಿಂದ ಈ ದ್ರವವನ್ನು ಮೊದಲು ಬಟ್ಟಿ ಇಳಿಸಿದಾಗ ಅವನಿಗೂ ಹೀಗೇ ಆಗಿತ್ತು. ಗಾಳಿ ತಾಗಿ ಕೆಟ್ಟಿತು ಎಂದುಕೊಂಡ. ಅಣುಗಳು ಸರಪಳಿಯಾಗುತ್ತವೆ ಎಂದು ಹರ್ಮನ್ ಸ್ಟೌಡಿಂಗರ್ ವಾದಿಸಿದ್ದು 1920ರಲ್ಲಿ.

ನನ್ನದು ಅರ್ಧ ಬಾಟಲಿಯ ನಷ್ಟ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರಂನಲ್ಲಿ ನಡೆದದ್ದು ಹಾಗಲ್ಲ. ಲಾಕ್‌ಡೌನಿನಲ್ಲಿ ಪಾಲಿಸ್ಟೈರೀನ್ ಕಾರ್ಖಾನೆಯ ದೊಡ್ಡ ಟ್ಯಾಂಕೊಂದರಲ್ಲಿ ಸ್ಟೈರೀನ್ ವಾರಗಟ್ಟಲೆ ನಿಂತಿತ್ತು. ಟಿಬಿಸಿ ಸಾಕಷ್ಟು ಇರಲಿಲ್ಲ. ಸರಪಳಿ ಬೆಳೆಯುವಾಗ ಶಾಖ ಹುಟ್ಟುತ್ತದೆ, ಶಾಖ ಹೆಚ್ಚಿದಷ್ಟೂ ಸರಪಳಿ ಬೇಗ ಬೆಳೆಯುತ್ತದೆ. ಉಷ್ಣತೆ ಅಳೆಯುವ ವ್ಯವಸ್ಥೆ ಇದ್ದದ್ದು ಟ್ಯಾಂಕಿನ ತಳದಲ್ಲಿ. ಬಿಸಿಯಾದದ್ದು ಮೇಲುಭಾಗ. ಆವಿ ಹೊರನುಗ್ಗಿ ಮಲಗಿದ್ದ ಊರಿನ ಮೇಲೆ ಹಬ್ಬಿತು. 12 ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು.

ಆ ಸುದ್ದಿ ಓದಿದ ದಿನ ನನಗೆ ನನ್ನ ಕಪಾಟಿನ ಬಾಟಲಿ ನೆನಪಾಯಿತು. ನನ್ನ ಈಗಿನ ಕೆಲಸವೂ ನೆನಪಾಯಿತು. ಪರದೆಯ ಮೇಲಿನ ಅಂಕಿ ಸರಿಯಾಗಿಯೇ ಇರಬಹುದು, ಆದರೆ ಅದು ಟ್ಯಾಂಕಿನ ಯಾವ ಜಾಗದ್ದು? ಅಂದಿನಿಂದ ಹೊಸ ಟ್ಯಾಂಕಿನ ಕೆಲಸ ಬಂದಾಗ ಕೋಡ್ ಬರೆಯುವ ಮೊದಲು ಅದರೊಳಗೆ ಏನಿದೆ, ಉಷ್ಣಮಾಪಕ ಎಲ್ಲೆಲ್ಲಿದೆ ಎಂದು ಕೇಳುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಆಗಲಿ.

ಮಕ್ಕಳೇ, ಪ್ರಯೋಗಾಲಯದಲ್ಲಿ ಕಲ್ಮಷವಾದ ಟಿಬಿಸಿಯೇ ಟ್ಯಾಂಕಿನಲ್ಲಿ ಊರು ಕಾಯುವ ವಸ್ತು. ಯಾವುದನ್ನೇ ತೆಗೆಯುವ ಮೊದಲು ಅದನ್ನು ಅಲ್ಲಿ ಯಾಕೆ ಇಟ್ಟಿದ್ದಾರೆ ಎಂದು ಕೇಳಿ. ಲೇಬಲ್ ಓದಿ. ಇಂಗ್ಲಿಷಿನಲ್ಲಿದ್ದರೆ ನಿಧಾನವಾಗಿ ಓದಿ, ತಿಳಿಯದಿದ್ದರೆ ಮೇಷ್ಟ್ರನ್ನು ಕೇಳಿ. ಈ ಶಾಲೆಯಲ್ಲಿ ಪ್ರಶ್ನೆ ಕೇಳಿದ್ದಕ್ಕೆ ನನಗೆ ಯಾರೂ ಬೈದಿರಲಿಲ್ಲ.