ತಟ್ಟೆಯ ಅನ್ನವೂ ನೆತ್ತರಿನ ಸಕ್ಕರೆಯೂ

ಸಕ್ಕರೆಯ ಕಾಯಿಲೆ ಎಂದು ನಮ್ಮಲ್ಲಿ ರೂಢಿಗೆ ಬಂದಿರುವ ಹೆಸರೇ ಕೇಳಿದವರನ್ನು ಅರ್ಧ ತಪ್ಪುದಾರಿಗೆ ಎಳೆಯತಕ್ಕದ್ದಾಗಿದೆ. ಸಕ್ಕರೆಯ ಕಾಯಿಲೆಯಾದ ಮೇಲೆ ಸಕ್ಕರೆಯನ್ನು ಬಿಟ್ಟರೆ ತೀರಿತಷ್ಟೆ ಎಂದು ಜನರು ಭಾವಿಸುತ್ತಾರೆ. ಬೆಳಗ್ಗೆ ಸಕ್ಕರೆಯಿಲ್ಲದ ಕಾಫಿಯನ್ನು ಮುಖ ಕಿವಿಚಿಕೊಂಡು ಕುಡಿದು, ಆ ತ್ಯಾಗದ ಬಲದಿಂದ ಐದು ಇಡ್ಲಿಗಳನ್ನು ತಿಂದೇಳುವ ಮಹನೀಯರು ನಮ್ಮ ನಡುವೆ ಬಹು ಮಂದಿ ಉಂಟು. ಕಾಫಿಗೆ ಹಾಕದೆ ಬಿಟ್ಟುದು ಒಂದು ಚಮಚೆ, ಎಂದರೆ ನಾಲ್ಕೈದು ಗ್ರಾಂ ಸಕ್ಕರೆ. ಐದು ಇಡ್ಲಿಗಳೊಳಗೆ ಅರಗಿ ಸಕ್ಕರೆಯಾಗತಕ್ಕ ಪಿಷ್ಟವು ಸುಮಾರು ಅದರ ಹತ್ತರಷ್ಟು. ನಾಲಗೆಗೆ ಸಿಹಿಯೆನಿಸುವುದು ಬೇರೆ, ನೆತ್ತರಿನಲ್ಲಿ ಸಕ್ಕರೆಯಾಗುವುದು ಬೇರೆ. ಈ ಭೇದವನ್ನು ಹಿಡಿದುಕೊಂಡು ನಮ್ಮ ದಿನನಿತ್ಯದ ಊಟ ತಿಂಡಿಗಳನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಮೊದಲು ಪ್ರಮಾಣದ ಕಲ್ಪನೆ ಬರಬೇಕು. ಪ್ರಾಯಕ್ಕೆ ಬಂದ ಮನುಷ್ಯನ ಶರೀರದಲ್ಲಿ ಸುಮಾರು 5 ಲೀಟರು ರಕ್ತವಿರುತ್ತದೆ. ಆರೋಗ್ಯವಂತನು ರಾತ್ರಿಯ ಉಪವಾಸ ಕಳೆದು ಎದ್ದಾಗ ಪ್ರತಿ 100 ಮಿಲಿಲೀಟರು ರಕ್ತದಲ್ಲಿರುವ ಗ್ಲೂಕೋಸು 100 ಮಿಲಿಗ್ರಾಮಿಗೆ ಒಳಗೆ. ಗುಣಿಸಿ ನೋಡಿದರೆ ಅಷ್ಟೂ ನೆತ್ತರಿನಲ್ಲಿ ಕೂಡಿ 5 ಗ್ರಾಂ. ಒಂದು ಚಿಕ್ಕ ಚಮಚೆಯಷ್ಟೆ! ಈ ಪುಟ್ಟ ಕೊಳಕ್ಕೆ ನಾವು ಒಂದೊಂದು ಊಟದಲ್ಲಿಯೂ 80 ರಿಂದ 100 ಗ್ರಾಮಿನಷ್ಟು ಪಿಷ್ಟವನ್ನು ಸುರಿಯುತ್ತೇವೆ. ಆದರೂ ಕೊಳ ಉಕ್ಕದಿರುವುದಕ್ಕೆ ಕಾರಣ, ಜಠರದ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿ. ಅದು ಹೊರಡಿಸುವ ಇನ್ಸುಲಿನ್ ಎಂಬ ರಸವು ಕೆರೆಯ ತೂಬನ್ನು ತೆರೆದಂತೆ ತೆರೆದು, ಬಂದ ಸಕ್ಕರೆಯನ್ನು ಸ್ನಾಯುಗಳಿಗೂ ಯಕೃತ್ತಿಗೂ ಹರಿಸಿಬಿಡುತ್ತದೆ. ಕೆಲವರಲ್ಲಿ, ವಿಶೇಷವಾಗಿ ಎಳೆಯ ವಯಸ್ಸಿನವರಲ್ಲಿ, ಈ ರಸವು ಹುಟ್ಟುವುದೇ ನಿಂತುಹೋಗುತ್ತದೆ. ಅವರಿಗೆ ಚುಚ್ಚುಮದ್ದೇ ಪ್ರಾಣಾಧಾರ. ಹೆಚ್ಚು ಮಂದಿಯಲ್ಲಾದರೋ ರಸವಿದ್ದರೂ ಶರೀರವು ಅದರ ಮಾತಿಗೆ ಕಿವಿಗೊಡದು. ಕಾಲಕ್ರಮದಲ್ಲಿ ರಸವೂ ಕಡಮೆಯಾಗುತ್ತದೆ. ಉಪವಾಸದ ಲೆಕ್ಕವು 126ನ್ನು ಮುಟ್ಟಿದರೆ, ಮತ್ತೊಂದು ಪರೀಕ್ಷೆಯಿಂದ ದೃಢಪಡಿಸಿಕೊಂಡು, ವೈದ್ಯರು ಅದನ್ನು ಮಧುಮೇಹವೆನ್ನುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಈ ರೋಗವುಳ್ಳವರು 10 ಕೋಟಿಗೂ ಮೇಲೆ. ಹೊಸ್ತಿಲಿನಲ್ಲಿ ನಿಂತಿರುವವರು 13 ಕೋಟಿಗೂ ಮೇಲೆ.

ಆಹಾರಕ್ಕೂ ಈ ರೋಗಕ್ಕೂ ಇರುವ ನಂಟು ಹೊಸದಾಗಿ ಕಂಡುದಲ್ಲ. ಪ್ರಮೇಹದ ಕಾರಣಗಳನ್ನು ಎಣಿಸುವಾಗ ಚರಕಸಂಹಿತೆಯು ಕುಳಿತಲ್ಲೇ ಕುಳಿತಿರುವ ಸುಖವನ್ನೂ, ನಿದ್ರೆಯ ಸುಖವನ್ನೂ, ಹೊಸ ಧಾನ್ಯವನ್ನೂ, ಬೆಲ್ಲದ ವಿಕಾರಗಳನ್ನೂ ಒಂದೇ ಸಾಲಿನಲ್ಲಿ ಇಡುತ್ತದೆ. ಪಥ್ಯಕ್ಕೆ ಜವೆಯನ್ನು ಹೇಳುತ್ತದೆ. 1870–71ರಲ್ಲಿ ಪಾರಿಸ್ ನಗರವನ್ನು ಜರ್ಮನರು ಮುತ್ತಿಗೆ ಹಾಕಿದಾಗ ಊರಿನೊಳಗೆ ರೊಟ್ಟಿಗೂ ಬರಗಾಲ ಬಂದಿತು. ಅಲ್ಲಿನ ವೈದ್ಯ ಬೂಷಾರ್ದಾ ಎಂಬಾತನು, ಊರೆಲ್ಲ ಹಸಿವಿನಿಂದ ಬಳಲುತ್ತಿದ್ದ ಆ ದಿನಗಳಲ್ಲಿಯೇ ತನ್ನ ಮಧುಮೇಹದ ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿದುದನ್ನು ಗಮನಿಸಿದನು. ಮುಂದೆ ಈ ಶತಮಾನಕ್ಕೆ ಹಿಂದಿನ ಶತಮಾನದ ಆರಂಭದಲ್ಲಿ ಅಮೆರಿಕದ ವೈದ್ಯ ಅಲೆನ್ ಎಂಬಾತನು ಉಪವಾಸವನ್ನೇ ಚಿಕಿತ್ಸೆಯಾಗಿ ಮಾಡಿದನು; ಮಕ್ಕಳು ಎಲುಬಿನ ಗೂಡುಗಳಾಗಿ ಕೆಲವು ಕಾಲ ಬದುಕಿದರು. 1922ರ ಜನವರಿಯಲ್ಲಿ ಟೊರಾಂಟೋ ನಗರದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಇನ್ಸುಲಿನನ್ನು ಚುಚ್ಚಿದಂದಿನಿಂದ ಆ ಕ್ರೂರ ಪಥ್ಯದ ಕಾಲ ಮುಗಿಯಿತು. ಮಧುಮೇಹವುಳ್ಳವರು ಇಂದು ಹಸಿದಿರಬೇಕಾಗಿಲ್ಲ. ಏನನ್ನು, ಎಷ್ಟನ್ನು, ಯಾವುದರ ಜೊತೆಗೆ ಎಂಬ ವಿವೇಚನೆಯಷ್ಟೇ ಬೇಕಾದುದು.

ಈಗ ನಮ್ಮವರ ದೊಡ್ಡ ಪ್ರಶ್ನೆಗೆ ಬರೋಣ: ಅನ್ನವೋ, ಮುದ್ದೆಯೋ? ಮಧುಮೇಹವೆಂದು ತಿಳಿದ ಮರುದಿನವೇ ಮನೆಯಲ್ಲಿ ಅನ್ನ ನಿಂತು ರಾಗಿಯ ಮುದ್ದೆಯೋ ಗೋಧಿಯ ಚಪಾತಿಯೋ ತಟ್ಟೆಗೆ ಬರುತ್ತದೆ. ಬಂದುದು ಸಂತೋಷವೇ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಕೋಷ್ಟಕವನ್ನು ತೆರೆದು ನೋಡಿದರೆ, 100 ಗ್ರಾಂ ಬಿಳಿಯ ಅಕ್ಕಿಯಲ್ಲಿ ಶರ್ಕರಪಿಷ್ಟವು ಸುಮಾರು 78 ಗ್ರಾಂ, ರಾಗಿಯಲ್ಲಿ ಸುಮಾರು 67, ಗೋಧಿಯ ಹಿಟ್ಟಿನಲ್ಲಿ ಸುಮಾರು 64. ಅಂತರವುಂಟು; ಆದರೆ ಅದು ಜನರು ಎಣಿಸಿಕೊಂಡಿರುವಷ್ಟು ದೊಡ್ಡದಲ್ಲ. ರಾಗಿಯ ನಿಜವಾದ ಮೇಲ್ಮೆ ಬೇರೆಡೆಯಲ್ಲಿದೆ. ಅದರಲ್ಲಿ ನಾರು ಸುಮಾರು 11 ಗ್ರಾಂ, ಬಿಳಿಯ ಅಕ್ಕಿಯಲ್ಲಿ 3ಕ್ಕೂ ಕಡಮೆ. ಎಲುಬಿಗೆ ಬೇಕಾದ ಸುಣ್ಣದ ಸತ್ತ್ವವಂತೂ ಅಕ್ಕಿಗೆ ಕನಸಿನಲ್ಲಿಯೂ ನಿಲುಕದಷ್ಟು. ಇಷ್ಟಿದ್ದರೂ ರಾಗಿಯನ್ನು ನುಣ್ಣಗೆ ಬೀಸಿ, ಜರಡಿಯಾಡಿ, ಚೆನ್ನಾಗಿ ಬೇಯಿಸಿ ಮುದ್ದೆ ಕಟ್ಟಿದಾಗ ಅದರ ಪಿಷ್ಟವು ಬೇಗ ಅರಗುವ ಸ್ಥಿತಿಗೆ ಬಂದಿರುತ್ತದೆ. ಗಂಜಿ ಮಾಡಿದರೆ ಇನ್ನೂ ಬೇಗ. ಹೊಲದಲ್ಲಿ ದಿನವೆಲ್ಲ ದುಡಿಯುವ ಒಕ್ಕಲಿಗನು ಉಣ್ಣುವ ಎರಡು ದೊಡ್ಡ ಮುದ್ದೆಗಳನ್ನು ಪೇಟೆಯಲ್ಲಿ ಕುರ್ಚಿಯ ಮೇಲೆ ಕುಳಿತಿರುವ ಗುಮಾಸ್ತನು ಔಷಧವೆಂದು ಉಂಡರೆ ನೆತ್ತರಿನ ಸಕ್ಕರೆ ಏರದೆ ಇನ್ನೇನಾಗುತ್ತದೆ? ಒಂದು ಚಿಕ್ಕ ಮುದ್ದೆ, ಅದರ ಜೊತೆಗೆ ಧಾರಾಳವಾಗಿ ಸೊಪ್ಪಿನ ಬಸ್ಸಾರು ಅಥವಾ ಹುರುಳಿಯ ಸಾರು, ಇದು ಸರಿಯಾದ ಊಟ. ಅದೇ ಅಳತೆಯನ್ನು ಇಟ್ಟುಕೊಂಡರೆ ಅನ್ನವೂ ಶತ್ರುವಲ್ಲ.

ಧಾನ್ಯವು ಯಾವ ರೂಪದಲ್ಲಿ ಹೊಟ್ಟೆಗೆ ಹೋಗುತ್ತದೆ ಎಂಬುದನ್ನು ನಾವು ಸಾಲದಷ್ಟು ಯೋಚಿಸುತ್ತೇವೆ. ಒಂದೇ ತೂಕದ ಪಿಷ್ಟವುಳ್ಳ ಬೇರೆ ಬೇರೆ ಆಹಾರಗಳು ನೆತ್ತರಿನ ಸಕ್ಕರೆಯನ್ನು ಬೇರೆ ಬೇರೆ ವೇಗದಿಂದ ಏರಿಸುತ್ತವೆ ಎಂಬುದನ್ನು ಅಳೆದು, ಒಂದು ಸೂಚ್ಯಂಕವನ್ನು 1981ರಲ್ಲಿ ಟೊರಾಂಟೋದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಪ್ರಕಟಿಸಿದರು. ಇಡಿಯಾದ ಕಾಳು ನಿಧಾನ, ಹಿಟ್ಟು ಬೇಗ; ಗಟ್ಟಿಯಾದುದು ನಿಧಾನ, ಅರಳಿದುದು ಬೇಗ. ಮಂಡಕ್ಕಿಯು ಕೈಯಲ್ಲಿ ಹಗುರವಾಗಿರುವುದರಿಂದ ನೆತ್ತರಿಗೂ ಹಗುರವೆಂದು ಸಂಜೆ ಪೊಟ್ಟಣ ಪೊಟ್ಟಣವಾಗಿ ತಿನ್ನುವವರಿದ್ದಾರೆ. ಅದು ಬಹುಬೇಗ ಸಕ್ಕರೆಯಾಗತಕ್ಕ ವಸ್ತುಗಳಲ್ಲೊಂದು. ಕರಾವಳಿಯವರ ಕುಚ್ಚಲಕ್ಕಿ, ಬತ್ತವನ್ನು ಸಿಪ್ಪೆಯೊಡನೆ ಬೇಯಿಸಿ ಒಣಗಿಸಿದ್ದರಿಂದ, ಸಾಮಾನ್ಯವಾಗಿ ಬೆಳ್ತಿಗೆಗಿಂತ ನಿಧಾನವಾಗಿ ಅರಗುತ್ತದೆ. ಕಡಲೆ, ಹೆಸರು, ಹುರುಳಿ, ಅಲಸಂದೆ ಮೊದಲಾದ ಕಾಳುಗಳು ಇವೆಲ್ಲಕ್ಕಿಂತ ಮೇಲು. ಬೆಳಗಿನ ತಿಂಡಿಗೆ ಎರಡು ಅಕ್ಕಿಯ ದೋಸೆಯ ಬದಲು ಹೆಸರುಕಾಳಿನ ದೋಸೆಯನ್ನೋ, ಕಡಲೆಕಾಳಿನ ಉಸಲಿಯನ್ನೋ ಮಾಡಿಕೊಂಡು, ಎರಡು ಗಂಟೆಯ ಮೇಲೆ ಬೆರಳ ತುದಿಯ ಹನಿಯನ್ನು ಯಂತ್ರಕ್ಕಿಟ್ಟು ನೋಡಿದವರಿಗೆ ಈ ಮಾತನ್ನು ವಾದಿಸಿ ಒಪ್ಪಿಸಬೇಕಾದುದಿಲ್ಲ.

ಬಡಿಸುವ ಕ್ರಮವನ್ನು ಕುರಿತು ಒಂದು ಮಾತು. ಬಾಳೆಯೆಲೆಯ ಮೇಲೆ ಕೋಸಂಬರಿ, ಪಲ್ಯಗಳು ಮೊದಲು ಬರುತ್ತವೆ, ಅನ್ನ ಅನಂತರ. ಆದರೆ ನಾವು ಅನ್ನಕ್ಕಾಗಿ ಕಾದು ಕುಳಿತು ಪಲ್ಯವನ್ನು ನಂಚಿಕೆಯ ಮಟ್ಟಕ್ಕೆ ಇಳಿಸುತ್ತೇವೆ. ತರಕಾರಿಯನ್ನೂ ಸಸಾರಜನಕವುಳ್ಳ ಪದಾರ್ಥವನ್ನೂ ಮೊದಲು ತಿಂದು, ರೊಟ್ಟಿ ಮೊದಲಾದ ಪಿಷ್ಟವನ್ನು ಕಡೆಗೆ ತಿಂದರೆ ಊಟವಾದ ಮೇಲಣ ಏರಿಕೆ ಕಡಮೆಯಾಗುವುದೆಂದು ನ್ಯೂಯಾರ್ಕಿನ ವೈದ್ಯರು 2015ರಲ್ಲಿ ಪ್ರಕಟಿಸಿದರು. ಅವರ ಪರೀಕ್ಷೆಗೆ ಒಳಪಟ್ಟವರು ಕೆಲವೇ ಮಂದಿ. ಆದರೆ ಖರ್ಚಿಲ್ಲದ ಉಪಾಯವಾದುದರಿಂದ ಮಾಡಿನೋಡಲು ಅಡ್ಡಿಯಿಲ್ಲ. ಎಲೆಯ ಅರ್ಧ ಭಾಗ ತರಕಾರಿ, ಕಾಲು ಭಾಗ ಬೇಳೆ ಕಾಳು ಮೊಸರು ಅಥವಾ ಮೊಟ್ಟೆ ಮೀನು, ಉಳಿದ ಕಾಲು ಭಾಗ ಅನ್ನವೋ ಮುದ್ದೆಯೋ. ಊಟವಾದೊಡನೆ ಮಲಗದೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ತಿರುಗಾಡಿದರೆ ದುಡಿಯುವ ಸ್ನಾಯುಗಳು ಸಕ್ಕರೆಯನ್ನು ತಾವಾಗಿಯೇ ಎಳೆದುಕೊಳ್ಳುತ್ತವೆ.

ಬೆಲ್ಲದ ವಿಷಯದಲ್ಲಿ ನಮಗೆ ದಾಕ್ಷಿಣ್ಯವಿಲ್ಲ. ಬಿಳಿಯ ಸಕ್ಕರೆ ವಿಷ, ಬೆಲ್ಲ ಪಥ್ಯ ಎಂಬ ನಂಬಿಕೆಯಿಂದ ಮಂಡ್ಯದ ಬೆಲ್ಲವನ್ನು ಕಾಫಿಗೆ ಕದಡಿ ಕುಡಿಯುವವರು ನೆತ್ತರಿಗೆ ಕಳುಹಿಸುತ್ತಿರುವುದು ಅದೇ ಕಬ್ಬಿನ ಸಕ್ಕರೆಯನ್ನೇ. ಜೊತೆಗೆ ಸ್ವಲ್ಪ ಖನಿಜಗಳು ಇದ್ದರೆ ಇರಬಹುದು. ಚರಕನ ಪಟ್ಟಿಯಲ್ಲಿ ಬೆಲ್ಲವು ರೋಗದ ಕಡೆಗೆ ನಿಂತಿದೆಯೇ ಹೊರತು ಮದ್ದಿನ ಕಡೆಗಲ್ಲ. ಜೇನುತುಪ್ಪದ ಕಥೆಯೂ ಹೆಚ್ಚು ಬೇರೆಯಲ್ಲ. ಹಣ್ಣುಗಳನ್ನು ಬಿಡಬೇಕಾಗಿಲ್ಲ, ಒಂದು ಸೀಬೆಯನ್ನೋ ಕಿತ್ತಳೆಯನ್ನೋ ಅಗಿದು ತಿನ್ನಬಹುದು. ನಾಲ್ಕು ಕಿತ್ತಳೆಗಳನ್ನು ಹಿಂಡಿ ನಾರನ್ನು ತಿಪ್ಪೆಗೆಸೆದು ರಸವನ್ನು ಒಂದೇ ಗುಟುಕಿಗೆ ಕುಡಿಯುವುದು ಮಾತ್ರ ಸಲ್ಲದು. ಮೆಂತ್ಯದ ಕಾಳಿಗೆ ಗುಣವುಂಟು. ಅದರ ಅಂಟಾದ ನಾರು ಸಕ್ಕರೆ ಹೀರಲ್ಪಡುವುದನ್ನು ತಡಮಾಡುತ್ತದೆ. ಆದರೆ ಹೈದರಾಬಾದಿನವರು 1990ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೊಟ್ಟುದು ದಿನಕ್ಕೆ 100 ಗ್ರಾಮಿನಷ್ಟು ಪುಡಿ. ರಾತ್ರಿ ನೆನೆಯಿಟ್ಟ ಒಂದು ಚಮಚೆ ಮೆಂತ್ಯವನ್ನು ನೆಚ್ಚಿ ಮಾತ್ರೆಯನ್ನು ಬಿಟ್ಟವರ ಕಾಲೂ ಕಣ್ಣೂ ಅದರ ಬೆಲೆಯನ್ನು ತೆರಬೇಕಾಗುತ್ತದೆ.

ಮನೆಯ ಹೆಂಗಸರ ಊಟವನ್ನು ಕುರಿತು ಪಥ್ಯದ ಪುಸ್ತಕಗಳು ಹೆಚ್ಚಾಗಿ ಮೌನವಾಗಿವೆ. ಎಲ್ಲರಿಗೂ ಬಡಿಸಿ ಕಡೆಗೆ ಕುಳಿತ ತಾಯಿಯ ಪಾಲಿಗೆ ಪಲ್ಯ ತೀರಿರುತ್ತದೆ, ಬೇಳೆ ತಳದಲ್ಲಿ ಕೂಡ ಇರುವುದಿಲ್ಲ. ಉಳಿದಿರುವುದು ಅನ್ನವೂ ತಿಳಿಸಾರೂ. ಚೆಲ್ಲಬಾರದೆಂದು ಮಿಕ್ಕ ಅನ್ನವನ್ನೂ ಆಕೆಯೇ ಉಣ್ಣುತ್ತಾಳೆ. ಸಕ್ಕರೆ ಇಳಿಯದಿರುವುದಕ್ಕೆ ಆಕೆಯ ನಾಲಗೆಯನ್ನು ದೂರುವವರು, ಆಕೆಗಾಗಿ ಒಂದು ಬಟ್ಟಲು ಪಲ್ಯವನ್ನೂ ಒಂದು ಬಟ್ಟಲು ಗಟ್ಟಿ ಬೇಳೆಯನ್ನೂ ಮೊದಲೇ ಎತ್ತಿಟ್ಟು ಒಂದು ವಾರ ನೋಡಲಿ.

ಕಡೆಯದಾಗಿ ವ್ರತಗಳ ಮಾತು. ಏಕಾದಶಿಯಂದೋ ಶಿವರಾತ್ರಿಯಂದೋ, ರಂಜಾನಿನ ತಿಂಗಳಿನಲ್ಲಿಯೋ, ಉಪವಾಸ ಮಾಡುವವರಿಗೆ ಎರಡು ಬಗೆಯ ಅಪಾಯಗಳುಂಟು. ಅನ್ನವಿಲ್ಲದ ಫಲಾಹಾರವೆಂದು ಸಬ್ಬಕ್ಕಿಯನ್ನೂ ಅವಲಕ್ಕಿಯನ್ನೂ ಹೊಟ್ಟೆ ತುಂಬ ತಿಂದರೆ ಸಕ್ಕರೆ ಏರುವುದು ಒಂದು. ಸಬ್ಬಕ್ಕಿ ಎಂಬುದು ಬರಿಯ ಪಿಷ್ಟ. ಎರಡನೆಯದು ಇದಕ್ಕೆ ವಿರುದ್ಧವಾದುದು, ಹೆಚ್ಚು ಭಯಂಕರವಾದುದು: ಇನ್ಸುಲಿನನ್ನೋ ಗ್ಲಿಮೆಪಿರೈಡ್ ಜಾತಿಯ ಮಾತ್ರೆಯನ್ನೋ ಎಂದಿನಂತೆ ತೆಗೆದುಕೊಂಡು ಏನನ್ನೂ ತಿನ್ನದಿದ್ದರೆ ಸಕ್ಕರೆಯು 70ಕ್ಕಿಂತ ಕೆಳಗೆ ಇಳಿಯಬಹುದು. ಆದುದರಿಂದ ವ್ರತಕ್ಕೆ ಕೆಲವು ದಿನ ಮೊದಲೇ ವೈದ್ಯರನ್ನು ಕಂಡು ಮದ್ದಿನ ಅಳತೆಯನ್ನು ಕೇಳಿಕೊಳ್ಳತಕ್ಕದ್ದು; ತಾವಾಗಿಯೇ ಮದ್ದು ಬಿಡುವುದೂ ಸರಿಯಲ್ಲ. ಕೈ ನಡುಗಿ, ಬೆವರೊಡೆದು, ಎದೆ ಹೊಡೆದುಕೊಂಡು, ಮಾತು ತೊಡರಿದರೆ ವ್ರತಭಂಗದ ಯೋಚನೆ ಬೇಡ. ವರ್ಷವೆಲ್ಲ ದೂರವಿಟ್ಟ ಸಕ್ಕರೆಯೇ ಆ ಗಳಿಗೆಯ ಮದ್ದು: ಮೂರು ಚಮಚೆ, ಎಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷ ಕಾದು ಮತ್ತೆ ಅಳೆದು, ಏರದಿದ್ದರೆ ಇನ್ನೊಮ್ಮೆ ಅಷ್ಟನ್ನೇ ಕೊಟ್ಟು, ಚೇತರಿಸಿಕೊಂಡ ಮೇಲೆ ಊಟವನ್ನಿಕ್ಕಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು. ಪಕ್ಕಕ್ಕೆ ಮಗ್ಗುಲು ಮಾಡಿ ಮಲಗಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.