ಫ್ಯಾನು ತಿರುಗಿದರೆ ಸಾಲದು, ಬಿಸಿಗಾಳಿ ಹೊರಬೀಳಬೇಕು!

(ಯುವಕರ ಕೂಟವೊಂದರಲ್ಲಿ ಗಲಗಲಿಯ ಮುದ್ರಕರೊಬ್ಬರು ಆಡಿದ ಮಾತು)



ನಾನು ಇಂಜಿನಿಯರ್ ಅಲ್ಲ. ಓದಿದ್ದು ಪಿಯುಸಿ. ಕೃಷ್ಣಾ ದಂಡೆಯ ಗಲಗಲಿಯಲ್ಲಿ ಪುಟ್ಟ ಪ್ರೆಸ್ಸು ನನ್ನದು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಬಿಲ್‌ಬುಕ್ಕು, ಇದೇ ನನ್ನ ಅನ್ನ. ಕಂಪ್ಯೂಟರನ್ನು ನಾನೇ ಜೋಡಿಸಿಕೊಂಡೆನೆಂದು ನೀವು ಕರೆದಿರಿ. ನಾನು ಹೇಳಲು ಬಂದದ್ದು ನಾನೇ ಕೆಡಿಸಿಕೊಂಡ ಕತೆ!

ಕಳೆದ ಮೇ ತಿಂಗಳು, ಲಗ್ನದ ಹಂಗಾಮು. ನಮ್ಮ ಕಡೆ ನೆರಳಲ್ಲೇ 40 ಡಿಗ್ರಿ. ಪುಟ ಕಟ್ಟುತ್ತಿರುವಾಗಲೇ ಯಂತ್ರ ಟಕ್ಕನೆ ಆರುತ್ತಿತ್ತು. ಎರಡು ಸಲ ಪೂರ್ತಿ ಪತ್ರಿಕೆಯೇ ಅಳಿಸಿಹೋಯಿತು. ಮದುವೆಗೆ ಒಂಬತ್ತೇ ದಿನ, ಹೆಣ್ಣಿನ ತಂದೆ ಬಾಗಿಲಲ್ಲಿ ನಿಂತಿದ್ದಾರೆ. ಪೇಟೆಯ ಅಂಗಡಿಯವನೊಬ್ಬ "ಬೋರ್ಡು ಹೋಗಿದೆ, ಹೊಸದು ಹಾಕಿಸಿ" ಅಂದ. ಹೋಗಿದ್ದು ಬೋರ್ಡಲ್ಲ, ನನ್ನ ಬುದ್ಧಿ. ಹಿಂದಿನ ಫ್ಯಾನನ್ನು ಉಲ್ಟಾ ಕೂರಿಸಿದ್ದೆ! ಮುಂದಿನದೂ ಒಳಗೆ ಎಳೆಯುತ್ತಿತ್ತು, ಹಿಂದಿನದೂ ಒಳಗೇ ಎಳೆಯುತ್ತಿತ್ತು. ಬಿಸಿಗಾಳಿ ಹೋಗುವುದೆಲ್ಲಿಗೆ ಸ್ವಾಮಿ?

ನೋಡಿ, ರೆಕ್ಕೆ ಬಯಲಾಗಿ ಕಾಣುವ ಮುಖ ಗಾಳಿ ಎಳೆಯುತ್ತದೆ. ಮೋಟಾರನ್ನು ಹಿಡಿದ ಅಡ್ಡಪಟ್ಟಿಗಳಿರುವ ಮುಖ ಗಾಳಿ ಬಿಡುತ್ತದೆ. ಮುಂದಿನಿಂದ ಎಳೆಯಲಿ, ಹಿಂದಿನಿಂದ, ಮೇಲಿನಿಂದ ಬಿಡಲಿ. ಅನುಮಾನವಿದ್ದರೆ ಊದುಬತ್ತಿ ಹಿಡಿಯಿರಿ, ಹೊಗೆಯೇ ದಾರಿ ಹೇಳುತ್ತದೆ.

ಇನ್ನು ತಂತಿ. ಮೂರು ತಂತಿಯ ಫ್ಯಾನಿನಲ್ಲಿ ಒಂದು ನೆಲದ್ದು, ಒಂದು 12 ವೋಲ್ಟಿನದು, ಮೂರನೆಯದು ಎಷ್ಟು ಸುತ್ತು ತಿರುಗುತ್ತಿದೆಯೆಂದು ಬೋರ್ಡಿಗೆ ವರದಿ ಕೊಡುವಂಥದು. ಇದರ ವೇಗ ತಗ್ಗಿಸಲು ವೋಲ್ಟನ್ನೇ ಇಳಿಸಬೇಕು. ತೀರಾ ಇಳಿಸಿದರೆ ಫ್ಯಾನು ಏಳುವುದೇ ಇಲ್ಲ. ನಾಲ್ಕನೆಯ ತಂತಿ ಇದ್ದರೆ 12 ವೋಲ್ಟು ಹಾಗೇ ಇರುತ್ತದೆ. ಸೆಕೆಂಡಿಗೆ ಸುಮಾರು 25 ಸಾವಿರ ಸಲ ಮಿಡಿಯುವ ಸಂಕೇತ ಅದರಲ್ಲಿ ಬಂದು ವೇಗ ನಿರ್ಧರಿಸುತ್ತದೆ. ಬಯಾಸ್‌ನಲ್ಲಿ ಮೂರು ತಂತಿಗೆ 'ಡಿಸಿ', ನಾಲ್ಕಕ್ಕೆ 'ಪಿಡಬ್ಲ್ಯುಎಂ' ಆರಿಸಿ. ಮೂರು ತಂತಿಯದನ್ನು ಪಿಡಬ್ಲ್ಯುಎಂಗೆ ಇಟ್ಟರೆ ಹಗಲಿರುಳು ಪೂರ್ತಿ ವೇಗದಲ್ಲಿ ಕೂಗುತ್ತದೆ.

ಪ್ರೊಸೆಸರಿನ ಫ್ಯಾನು 'ಸಿಪಿಯು ಫ್ಯಾನ್' ಎಂಬ ಜಾಗಕ್ಕೇ ಸೇರಬೇಕು. ಪೆಟ್ಟಿಗೆಯವು ಉಳಿದ ಜಾಗಗಳಿಗೆ. ಒಂದೊಂದು ಜಾಗ ಸಾಮಾನ್ಯವಾಗಿ 1 ಆಂಪಿಯರ್ ಮಾತ್ರ ತಾಳುತ್ತದೆ. ಫ್ಯಾನಿನ ಬೆನ್ನ ಮೇಲಿನ ಚೀಟಿ ಓದಿ, ಕೂಡಿಸಿ, ಆಮೇಲೆ ಕವಲು ತಂತಿ ಹಾಕಿ.

ನನ್ನ ಎರಡನೇ ತಪ್ಪನ್ನೂ ಹೇಳಿಬಿಡುತ್ತೇನೆ. ಜನವರಿಯ ಚಳಿಯಲ್ಲಿ ಸದ್ದು ಬೇಡವೆಂದು ವೇಗವನ್ನು ಕೆಳಗೆ ಕಟ್ಟಿಹಾಕಿದ್ದೆ. ಮೇ ತಿಂಗಳಿಗೂ ಅದೇ ವೇಗ! ಹಾಗೆ ಕಟ್ಟಬೇಡಿ. ಶಾಖ ಏರಿದಂತೆ ವೇಗವೂ ಏರುವಂತೆ ಗೆರೆ ಎಳೆಯಿರಿ, 70 ಡಿಗ್ರಿ ಮುಟ್ಟಿದರೆ ಪೂರ್ತಿ ಓಡಲಿ. ಕೋಣೆಯೇ 40 ಇರುವಾಗ ಎಷ್ಟು ಫ್ಯಾನು ಹಾಕಿದರೂ ಪೆಟ್ಟಿಗೆ 35ಕ್ಕೆ ಇಳಿಯದು, ಅದನ್ನೂ ತಿಳಿದಿರಿ.

ಧೂಳಿನ ಮಾತು ಬೇಡವೇ ಬೇಡ. ನನ್ನಲ್ಲಿ ಕಾಗದದ ಪುಡಿ, ಹೊರಗೆ ಕಬ್ಬಿನ ರವದಿ ಸುಟ್ಟ ಬೂದಿ. ತಿಂಗಳಿಗೊಮ್ಮೆ ಊದುತ್ತೇನೆ, ರೆಕ್ಕೆಯನ್ನು ಬೆರಳಲ್ಲಿ ಹಿಡಿದೇ.

ಅವತ್ತು ನಾಲ್ಕು ಸ್ಕ್ರೂ ಬಿಚ್ಚಿ ಫ್ಯಾನು ತಿರುಗಿಸಿದೆ, ವೇಗ ಬಿಟ್ಟೆ. ಬೆಳಗಿನವರೆಗೆ ಯಂತ್ರ ಆರಲಿಲ್ಲ. ಪತ್ರಿಕೆ ಹೋಯಿತು, ಮದುವೆಯೂ ಆಯಿತು.

ಆ ಬೋರ್ಡಿನ ಮೇಲೆ ಸಾಸಿವೆ ಕಾಳಿನಷ್ಟು ಇಂಗ್ಲಿಷ್ ಅಕ್ಷರ ಕಂಡು ನಮ್ಮ ಹುಡುಗರು ಪೆಟ್ಟಿಗೆ ಮುಟ್ಟಲು ಹೆದರುತ್ತಾರೆ. ಅದಕ್ಕೇ 'ಒಳಗೆ', 'ಹೊರಗೆ' ಎಂದು ಬಾಣದ ಗುರುತಿಟ್ಟು ಕನ್ನಡದ ಸ್ಟಿಕರ್ ಅಚ್ಚು ಹಾಕಿ ತಂದಿದ್ದೇನೆ. ಕಟ್ಟು ಬಾಗಿಲ ಬಳಿ ಇದೆ. ಊಟವಾದ ಮೇಲೆ ಸ್ಕ್ರೂಡ್ರೈವರ್ ಇದ್ದವರು ಬನ್ನಿ, ಒಂದು ಪೆಟ್ಟಿಗೆ ಬಿಚ್ಚೋಣ.