ತೋಳಿನ ಮೇಲಿನ ಅಂಟುಪಟ್ಟಿ

ತಲೆನೋವೆಂದರೆ ಶುಂಠಿಯನ್ನು ತೇದು ಹಣೆಗೆ ಪಟ್ಟು ಹಾಕುವುದು, ಕಾಲು ಉಳುಕಿದರೆ ಲೇಪ ಹಚ್ಚುವುದು ನಮ್ಮ ಮನೆಗಳಿಗೆ ಹೊಸದಲ್ಲ. ಆದರೆ ನೋವಿದ್ದ ಕಡೆಗೇ ಮದ್ದು ಎಂಬುದು ಆ ಲೇಪಗಳ ನ್ಯಾಯ. ತೋಳಿಗೊಂದು ಪಟ್ಟಿ ಅಂಟಿಸಿ, ಮೈಯಲ್ಲೆಲ್ಲ ಹರಿಯುವ ರಕ್ತದ ಒತ್ತಡವನ್ನು ಇಳಿಸಬಹುದೆಂದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರೇನೊ. ಈ ಹೊತ್ತು ನಾನು ಹೇಳಹೊರಟಿರುವುದು ಅಂಥದೇ ಒಂದು ಪಟ್ಟಿಯ ವಿಚಾರ.

ಚರ್ಮವೆಂಬುದು ಮೂಲತಃ ಬೇಲಿಯೇ ಹೊರತು ಬಾಗಿಲಲ್ಲ. ಮಳೆಯಲ್ಲಿ ನೆನೆದರೂ ನೀರು ಒಳಹೋಗದಂತೆ ಕಾಯುವುದು ಅದರ ಹೊರಮೈಯ ಸತ್ತ ಕೋಶಗಳ ತೆಳುಪದರ. ಈ ಪದರವನ್ನು ದಾಟಬೇಕಾದರೆ ಔಷಧಿಯ ಅಣು ಚಿಕ್ಕದಾಗಿರಬೇಕು, ಕೊಬ್ಬಿನಲ್ಲಿ ಕರಗುವಂತಿರಬೇಕು; ಎಲ್ಲಕ್ಕಿಂತ ಮಿಗಿಲಾಗಿ, ಅತ್ಯಲ್ಪ ಪ್ರಮಾಣದಲ್ಲಿಯೇ ಕೆಲಸ ಮಾಡಬಲ್ಲ ಕಸುವು ಅದಕ್ಕಿರಬೇಕು. ರಕ್ತದೊತ್ತಡದ ಮದ್ದುಗಳಲ್ಲಿ ಈ ಮೂರು ಗುಣಗಳೂ ಕೂಡಿಬಂದದ್ದು ಕ್ಲೋನಿಡಿನ್ ಎಂಬುದರಲ್ಲಿ.

ಈ ಕ್ಲೋನಿಡಿನ್ನಿನ ಹುಟ್ಟು ಸ್ವಾರಸ್ಯದ್ದು. 1962ರಲ್ಲಿ ಜರ್ಮನಿಯ ಬೋರಿಂಗರ್ ಇಂಗೆಲ್‌ಹೈಮ್ ಸಂಸ್ಥೆಯ ರಸಾಯನಜ್ಞ ಹೆಲ್ಮುಟ್ ಸ್ಟೇಲೆ ಇದನ್ನು ತಯಾರಿಸಿದಾಗ ಅವರ ಕಣ್ಣಿದ್ದದ್ದು ನೆಗಡಿಯ ಮೇಲೆ, ರಕ್ತದೊತ್ತಡದ ಮೇಲಲ್ಲ. ಕಟ್ಟಿದ ಮೂಗಿಗೆ ಹನಿ ಹಾಕುವ ಮದ್ದಾದೀತೆಂದು, ನೆಗಡಿಯಾಗಿದ್ದ ಕಚೇರಿಯ ಮಹಿಳೆಯೊಬ್ಬರಿಗೆ ಕೊಟ್ಟು ನೋಡಿದರು. ಆಕೆ ದೀರ್ಘವಾದ ನಿದ್ರೆಗೆ ಜಾರಿದರು. ನಾಡಿ ನಿಧಾನವಾಯಿತು, ರಕ್ತದೊತ್ತಡ ತಗ್ಗಿತು. ಮೂಗಿಗೆಂದು ಹುಡುಕಿದ ಮದ್ದು ಹೋಗಿ ಮುಟ್ಟಿದ್ದು ಮಿದುಳನ್ನು! ಹೃದಯವನ್ನು ಅವಸರಪಡಿಸುವ, ರಕ್ತನಾಳಗಳನ್ನು ಬಿಗಿಯುವ ನರಗಳಿಗೆ ಮಿದುಳಿನಿಂದ ಹೊರಡುವ ಆಜ್ಞೆಯನ್ನೇ ಇದು ತಗ್ಗಿಸುತ್ತದೆ. 1966ರಲ್ಲಿ ರಕ್ತದೊತ್ತಡದ ಔಷಧಿಯಾಗಿ ಅದು ಮಾರುಕಟ್ಟೆಗೆ ಬಂದಿತು.

ಗುಳಿಗೆ ಬಂದ ಮೇಲೆ ಪಟ್ಟಿಯೇಕೆ ಎಂದು ನೀವು ಕೇಳಬಹುದು. ಏರಿದ ರಕ್ತದೊತ್ತಡ ಸಾಮಾನ್ಯವಾಗಿ ನೋಯುವುದಿಲ್ಲ, ಸುಡುವುದಿಲ್ಲ. ನೋಯದ ರೋಗಕ್ಕೆ ದಿನವೂ ಗುಳಿಗೆ ನುಂಗುವುದು ಮನುಷ್ಯಸ್ವಭಾವಕ್ಕೆ ಒಗ್ಗದ ಮಾತು. ಅದರಲ್ಲಿಯೂ ಕ್ಲೋನಿಡಿನ್ ಗುಳಿಗೆಯನ್ನು ಸಾಮಾನ್ಯವಾಗಿ ದಿನಕ್ಕೆರಡು ಬಾರಿ ತೆಗೆದುಕೊಳ್ಳಬೇಕು. ಬೆಳಗಿನ ಗುಳಿಗೆ ನುಂಗಿದೆನೊ ಇಲ್ಲವೊ ಎಂದು ಡಬ್ಬಿಯನ್ನು ಕೈಯಲ್ಲಿ ಹಿಡಿದು ಯೋಚಿಸುವ ಎಪ್ಪತ್ತರ ಅಜ್ಜಿ ಯಾರ ಮನೆಯಲ್ಲಿಲ್ಲ? ನುಂಗಲಾರದ ರೋಗಿಗಳೂ ಇದ್ದಾರೆ. ಇಂಥವರಿಗೆ ವಾರಕ್ಕೊಮ್ಮೆ ಬದಲಿಸುವ ಪಟ್ಟಿ ದೊಡ್ಡ ನಿರಾಳ.

ಅದನ್ನು ಸಾಧ್ಯಮಾಡಿದ್ದು ಕ್ಯಾಲಿಫೋರ್ನಿಯದ ಆಲ್ಜಾ ಸಂಸ್ಥೆ. ಉರುಗ್ವೆಯಲ್ಲಿ ಹುಟ್ಟಿದ ಅಲೆಹಾಂದ್ರೊ ಜಾಫರೋನಿ ಎಂಬ ವಿಜ್ಞಾನಿ ತಮ್ಮ ಹೆಸರು, ಕುಲನಾಮ ಎರಡರ ಮೊದಲ ಅಕ್ಷರಗಳನ್ನು ಜೋಡಿಸಿ 1968ರಲ್ಲಿ ಕಟ್ಟಿದ ಸಂಸ್ಥೆಯಿದು. 1979ರಲ್ಲಿ ಕಿವಿಯ ಹಿಂದೆ ಅಂಟಿಸುವ, ಪ್ರಯಾಣದ ವಾಕರಿಕೆಯ ಪಟ್ಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 1984ರಲ್ಲಿ ಕ್ಲೋನಿಡಿನ್ ಪಟ್ಟಿಗೆ. ಹೊರಗೊಂದು ಹೊದಿಕೆ, ಅದರಡಿಯಲ್ಲಿ ಔಷಧಿಯ ಭಂಡಾರ, ಬಳಿಕ ಸೂಕ್ಷ್ಮರಂಧ್ರಗಳ ಪೊರೆ, ಕೊನೆಗೆ ಅಂಟು. ಹೀಗೆ ನಾಲ್ಕು ಪದರಗಳು. ಔಷಧಿ ಎಷ್ಟು ವೇಗದಲ್ಲಿ ಹೊರಬರಬೇಕೆಂದು ಅಳೆದು ಬಿಡುವುದು ಆ ಪೊರೆ. ಮೂರೂವರೆ ಚದರ ಸೆಂಟಿಮೀಟರಿನ ಚಿಕ್ಕ ಪಟ್ಟಿ ದಿನಕ್ಕೆ 0.1 ಮಿಲಿಗ್ರಾಮಿನಂತೆ ಏಳು ದಿನ ಮದ್ದು ಕೊಡುತ್ತದೆ. ಹೆಚ್ಚು ಬೇಕಾದವರಿಗೆ ಅದರ ಇಮ್ಮಡಿ, ಮುಮ್ಮಡಿ ಅಳತೆಯವೂ ಉಂಟು. ಕೂದಲಿಲ್ಲದ, ಗಾಯವಿಲ್ಲದ ಜಾಗ ನೋಡಿ ಮೇಲ್ದೋಳಿಗೊ ಎದೆಗೊ ಅಂಟಿಸಬೇಕು. ಪ್ರತಿವಾರ ಜಾಗ ಬದಲಿಸಬೇಕು. ಸ್ನಾನಕ್ಕೆ ಅಡ್ಡಿಯಿಲ್ಲ.

ಇಷ್ಟು ಹೇಳಿದ ಮೇಲೆ ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅರ್ಧಸತ್ಯವಾದೀತು. ರಕ್ತದೊತ್ತಡ ಕಂಡೊಡನೆ ವೈದ್ಯರು ಮೊದಲು ಕೈಹಾಕುವ ಔಷಧಿ ಇದಲ್ಲ; ಬೇರೆಯವು ಸಾಲದಾದಾಗ, ಇಲ್ಲವೆ ಒಗ್ಗದಾದಾಗ ಇದರ ಸರದಿ. ಬಾಯಿ ಒಣಗುವುದು, ತೂಕಡಿಕೆ ಇದರ ಹಳೆಯ ಜೊತೆಗಾರರು. ಪಟ್ಟಿಯಲ್ಲಿ ಅವುಗಳ ಕಾಟ ಸಾಮಾನ್ಯವಾಗಿ ಕಡಿಮೆ. ಬದಲಿಗೆ ಅಂಟಿಸಿದಲ್ಲಿ ತುರಿಕೆ, ಕೆಂಪು ಬರುವುದು ಅಪರೂಪವಲ್ಲ. ಕೆಲವರಿಗಂತೂ ಆ ಔಷಧಿಯೇ ಒಗ್ಗದೆ, ಪಟ್ಟಿ ಬಿಟ್ಟು ಗುಳಿಗೆಗೆ ಹೋದರೆ ಮೈಯೆಲ್ಲ ದದ್ದೆದ್ದೀತು.

ಇದಕ್ಕಿಂತ ಗಂಭೀರವಾದುದು ಪಟ್ಟಿಯ ನಿಧಾನ. ಅಂಟಿಸಿದ ಮೊದಲ ಎರಡು ಮೂರು ದಿನ ಅದರ ಫಲ ಪೂರ್ತಿಯಾಗಿ ಕಾಣದು. ಆದ್ದರಿಂದ ಹಳೆಯ ಗುಳಿಗೆಗಳನ್ನು ಅಂದೇ ಬಿಡಕೂಡದು. ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಕಿತ್ತ ಮೇಲೂ ಔಷಧಿ ಒಮ್ಮೆಗೇ ಹೋಗುವುದಿಲ್ಲ. ಚರ್ಮದಲ್ಲಿ ಉಳಿದ ಶೇಷ ಸುಮಾರು 8 ಗಂಟೆಗಳ ಕಾಲ ರಕ್ತದ ಮಟ್ಟವನ್ನು ಹಿಡಿದಿಟ್ಟು, ಆಮೇಲೆ ಕೆಲವು ದಿನಗಳಲ್ಲಿ ಕರಗುತ್ತದೆ. ಮೋಸ ಇರುವುದು ಇಲ್ಲಿಯೇ. ಪಟ್ಟಿ ಮುಗಿಯಿತು, ಹೊಸದು ತರಲಾಗಲಿಲ್ಲ. ಒಂದು ದಿನ ಕಳೆದರೂ ಏನೂ ಆಗಲಿಲ್ಲ. ಇದಿಲ್ಲದೆಯೂ ನಡೆದೀತೆಂದು ರೋಗಿ ಭಾವಿಸುತ್ತಾನೆ. ಅಷ್ಟರಲ್ಲಿ ಇಷ್ಟು ದಿನ ಕಡಿವಾಣದಲ್ಲಿದ್ದ ನರಗಳು ಹುಚ್ಚು ಕುದುರೆಗಳಂತೆ ಓಡತೊಡಗುತ್ತವೆ. ತಳಮಳ, ನಡುಕ, ತಲೆನೋವು, ಎದೆಬಡಿತ. ಒತ್ತಡ ಧಿಗ್ಗನೆ ಏರಿಬಿಡಬಹುದು, ಪ್ರಾಣಕ್ಕೂ ಸಂಚಕಾರ ಬಂದೀತು. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಗುಳಿಗೆಗಳನ್ನೂ ಜೊತೆಗೆ ನುಂಗುತ್ತಿರುವವರಿಗೆ ಈ ಅಪಾಯ ಹೆಚ್ಚು. ಮರೆವಿಗೆ ಮದ್ದೆಂದು ಬಂದ ಪಟ್ಟಿಯನ್ನೇ ಮರೆತರೆ ಹೀಗೆ. ಆದುದರಿಂದ ಮನೆಯವರು ಬದಲಿಸುವ ವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳುವುದು ಒಳಿತು.

ಕೆಲವು ಪಟ್ಟಿಗಳ ಹೊದಿಕೆಯಲ್ಲಿ ಅಲ್ಯೂಮಿನಿಯಮ್ ಇರುತ್ತದೆ. ಎಂ.ಆರ್.ಐ. ಯಂತ್ರದೊಳಗೆ ಅದು ಕಾದು ಚರ್ಮವನ್ನು ಸುಡಬಹುದೆಂದು 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಎಚ್ಚರಿಸಿತು. ಪರೀಕ್ಷೆಗೆ ಮುನ್ನ ಪಟ್ಟಿಯಿರುವುದನ್ನು ತಿಳಿಸಲೇಬೇಕು. ಕೊನೆಯದಾಗಿ, ಕಿತ್ತ ಪಟ್ಟಿ ಬರಿದಾಗಿರುವುದಿಲ್ಲ. ಚಿಕ್ಕ ಪಟ್ಟಿಯಲ್ಲಿ ತುಂಬಿರುವುದು 2.5 ಮಿಲಿಗ್ರಾಮ್, ವಾರವಿಡೀ ಹೊರಬರುವುದು 0.7 ಮಾತ್ರ. ಮಿಕ್ಕದ್ದು ಅಲ್ಲಿಯೇ ಇರುತ್ತದೆ; ಮಗುವೊಂದು ಬಾಯಿಗಿಟ್ಟುಕೊಂಡರೆ ಅನಾಹುತವಾದೀತು. ಅಂಟಿನ ಮೈ ಒಳಗಾಗುವಂತೆ ಎರಡಾಗಿ ಮಡಿಸಿ, ಮಕ್ಕಳ ಕೈಗೆಟುಕದಂತೆ ಎಸೆಯಬೇಕು. ಹೊಸ ಪಟ್ಟಿಗಳನ್ನಿಡುವ ಜಾಗವೂ ಮೇಲಿನ ಗೂಡೇ ಆಗಿರಲಿ.